ಮಲಬಾರಿನ ತೋಟ ಮತ್ತು ಅದರ ಸಾಕ್ಷಿಗಳು: ‘ಹೋರ್ತುಸ್ ಮಲಬಾರಿಕುಸ್’ ಗ್ರಂಥದ ಒಂದು ವಿಮರ್ಶೆ

ಒಂದು ನಾಡಿನ ಮದ್ದಿನ ಗಿಡಗಳ ತಿಳಿವಳಿಕೆಯು ಇನ್ನೊಂದು ನಾಡಿನ ಗ್ರಂಥವನ್ನು ಸೇರುವಾಗ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ ಎಂಬ ಪ್ರಶ್ನೆಯು ವೈದ್ಯದ ಚರಿತ್ರೆಯಲ್ಲಿ ಮತ್ತೆ ಮತ್ತೆ ಏಳುತ್ತದೆ. ಇದನ್ನು ಸಾಮಾನ್ಯವಾದ ಮಾತುಗಳಲ್ಲಿ ಚರ್ಚಿಸುವುದಕ್ಕಿಂತ ಒಂದು ಗ್ರಂಥವನ್ನು ಎದುರಿಗಿಟ್ಟುಕೊಂಡು ಪರಿಶೀಲಿಸುವುದು ಹೆಚ್ಚು ಫಲಕಾರಿಯೆಂದು ನಮಗೆ ತೋರುತ್ತದೆ. ಪ್ರಕೃತ ಲೇಖನಕ್ಕೆ ನಾವು ಆರಿಸಿಕೊಂಡಿರುವುದು ‘ಹೋರ್ತುಸ್ ಮಲಬಾರಿಕುಸ್’, ಅಂದರೆ ‘ಮಲಬಾರಿನ ತೋಟ’ ಎಂಬ ಲ್ಯಾಟಿನ್ ಗ್ರಂಥ. 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಆಮ್‌ಸ್ಟರ್‌ಡಾಮ್ ನಗರದಲ್ಲಿ ಅಚ್ಚಾದ ಈ ಕೃತಿಯಲ್ಲಿ ಏಳುನೂರಕ್ಕೂ ಮೀರಿದ ಸಸ್ಯಗಳ ವರ್ಣನೆಯೂ, ತಾಮ್ರಫಲಕಗಳಿಂದ ಒತ್ತಿದ ಏಳುನೂರ ತೊಂಬತ್ತಕ್ಕೂ ಹೆಚ್ಚು ಚಿತ್ರಗಳೂ ಇವೆ. ಏಷ್ಯದ ಸಸ್ಯಗಳನ್ನು ಕುರಿತು ಇಷ್ಟು ವಿಸ್ತಾರವಾದ ಕೃತಿ ಅದಕ್ಕೆ ಮೊದಲು ಯುರೋಪಿನಲ್ಲಿ ಅಚ್ಚಾಗಿರಲಿಲ್ಲ.

ಈ ಗ್ರಂಥವನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳು ರೂಢಿಯಲ್ಲಿವೆ. ಒಂದರ ಪ್ರಕಾರ ಇದು ಯುರೋಪಿನ ವಿಜ್ಞಾನದ ಸಾಹಸ; ಡಚ್ ಅಧಿಕಾರಿಯೊಬ್ಬನ ಉತ್ಸಾಹದಿಂದ ಮಲಬಾರಿನ ಕಾಡುಗಿಡಗಳಿಗೆ ಶಾಸ್ತ್ರದ ಬೆಳಕು ದೊರೆಯಿತು. ಇನ್ನೊಂದರ ಪ್ರಕಾರ ಇದು ನಮ್ಮ ನಾಡಿನ ವೈದ್ಯರ ಕೃತಿಯೇ. ಹೊರಗಿನವರು ಅದಕ್ಕೆ ಲ್ಯಾಟಿನ್ ಉಡುಗೆಯನ್ನು ತೊಡಿಸಿದರು, ಅಷ್ಟೆ. ಈ ಎರಡು ಅಭಿಪ್ರಾಯಗಳಲ್ಲಿಯೂ ಸತ್ಯಾಂಶವಿದೆ. ಆದರೆ ಇವೆರಡೂ ಗ್ರಂಥಕ್ಕೆ ಒಬ್ಬನೇ ಒಡೆಯನನ್ನು ಹುಡುಕುತ್ತವೆ. ಯಾರ ಮಾತು, ಯಾರ ಕೈಯಿಂದ, ಯಾವ ಭಾಷೆಗಳನ್ನು ದಾಟಿ ಪುಟವನ್ನು ಸೇರಿತು, ದಾರಿಯಲ್ಲಿ ಅದಕ್ಕೆ ಏನಾಯಿತು ಎಂಬುದನ್ನು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳಿದಾಗ ದೊರೆಯುವ ಉತ್ತರವು ಬೇರೆಯದೇ ಎಂಬುದನ್ನು ತೋರಿಸುವುದು ನಮ್ಮ ಉದ್ದೇಶ.

1. ಗ್ರಂಥದ ಹುಟ್ಟು

1663ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯು ಪೋರ್ತುಗೀಸರಿಂದ ಕೊಚ್ಚಿಯನ್ನು ಗೆದ್ದುಕೊಂಡಿತು. ಆ ಕಾಳಗದಲ್ಲಿ ಭಾಗವಹಿಸಿದ್ದ ಹೆಂಡ್ರಿಕ್ ಆಡ್ರಿಯಾನ್ ಫಾನ್ ರೀಡೆ ಎಂಬ ಕುಲೀನ ಮನೆತನದ ಸೈನಿಕನು 1670ರಿಂದ 1677ರವರೆಗೆ ಮಲಬಾರಿನ ಕಮಾಂಡರ್ ಆಗಿದ್ದನು. ಅವನು ಸಸ್ಯಶಾಸ್ತ್ರವನ್ನು ಕಲಿತವನಲ್ಲ. ಗ್ರಂಥದ ಸಂಕಲ್ಪದ ಹಿಂದೆ ಅವನ ಕುತೂಹಲವಿತ್ತು, ನಿಜ. ಆದರೆ ಅದರೊಡನೆ ಎರಡು ವ್ಯಾವಹಾರಿಕ ಕಾರಣಗಳೂ ಇದ್ದವು. ಕಂಪನಿಯ ಸೈನಿಕರೂ ನಾವಿಕರೂ ಉಷ್ಣದೇಶದ ರೋಗಗಳಿಂದ ಸಾಯುತ್ತಿದ್ದರು. ಅವರಿಗೆ ಬೇಕಾದ ಔಷಧಗಳು ಯುರೋಪಿನಿಂದ ತಿಂಗಳುಗಟ್ಟಲೆ ಹಡಗಿನಲ್ಲಿ ಬಂದು, ಸತ್ತ್ವ ಕಳೆದುಕೊಂಡು, ದುಬಾರಿಯಾಗಿ ದೊರೆಯುತ್ತಿದ್ದವು. ಅವುಗಳಲ್ಲಿ ಎಷ್ಟೋ ದ್ರವ್ಯಗಳು ಮೊದಲಿಗೆ ಏಷ್ಯದಿಂದಲೇ ಹೋದವು ಎಂಬುದು ಈ ವ್ಯವಸ್ಥೆಯ ವಿಪರ್ಯಾಸ. ಎರಡನೆಯದಾಗಿ, ಕಂಪನಿಯ ಹಿರಿಯ ಅಧಿಕಾರಿ ರೈಕ್ಲೋಫ್ ಫಾನ್ ಖೂನ್ಸ್ ಸಿಂಹಳವನ್ನೇ ಪ್ರಧಾನ ನೆಲೆಯನ್ನಾಗಿ ಮಾಡಬೇಕೆನ್ನುತ್ತಿದ್ದಾಗ, ಮಲಬಾರು ಎಷ್ಟು ಸಂಪದ್ಭರಿತವೆಂಬುದನ್ನು ತೋರಿಸಬೇಕಾದ ಅಗತ್ಯ ರೀಡೆಗೆ ಇತ್ತು. ರೀಡೆಯ ಜೀವನವನ್ನು ಆಳವಾಗಿ ಶೋಧಿಸಿ 1986ರಲ್ಲಿ ಗ್ರಂಥ ಪ್ರಕಟಿಸಿದ ಡಚ್ ವಿದ್ವಾಂಸ ಹೆನಿಗರ್ ಅವರು ಈ ಎರಡನೆಯ ಕಾರಣವನ್ನು ಚೆನ್ನಾಗಿ ಸ್ಪಷ್ಟಪಡಿಸಿದ್ದಾರೆ. ಆದುದರಿಂದ ಈ ತೋಟವು ಕೇವಲ ಜಿಜ್ಞಾಸೆಯಿಂದ ಬೆಳೆದುದಲ್ಲ. ಅದರ ಬೇರಿಗೆ ವ್ಯಾಪಾರದ ನೀರೂ ಹರಿದಿತ್ತು. ಇದನ್ನು ದೋಷವೆಂದು ನಾವು ಹೇಳುತ್ತಿಲ್ಲ. ಆಕರವನ್ನು ಓದುವವನಿಗೆ ಇದು ನೆನಪಿನಲ್ಲಿರಬೇಕು.

ಕೆಲಸಕ್ಕೆ ಸೇರಿದವರ ಬಳಗ ದೊಡ್ಡದು. ಮೊದಲ ಹಂತದಲ್ಲಿ ಇಟಲಿಯ ಕಾರ್ಮೆಲೈಟ್ ಪಾದ್ರಿ ಮ್ಯಾಥ್ಯೂ ನೆರವಾದನು. ಬಳಿಕ ಕೊಚ್ಚಿಯ ಡಚ್ ಪಾದ್ರಿ ಯೋಹಾನೆಸ್ ಕಾಸೇರಿಯುಸ್ ಲ್ಯಾಟಿನ್ ವರ್ಣನೆಗಳನ್ನು ಸಿದ್ಧಪಡಿಸಿದನು; ಈತನು ತತ್ತ್ವಜ್ಞಾನಿ ಸ್ಪಿನೋಜನ ಬಳಿ ಪಾಠ ಹೇಳಿಸಿಕೊಂಡವನು. ಸ್ಪ್ಲಿಂಟರ್, ಗೋಟ್ಕಿಂಟ್ ಮೊದಲಾದವರು ಚಿತ್ರ ಬರೆದರು. ಮೊದಲ ಸಂಪುಟಕ್ಕೆ ಲೈಡನ್ ವಿಶ್ವವಿದ್ಯಾನಿಲಯದ ಆರ್ನಾಲ್ಡ್ ಸೈಯೆನ್, ಆತನ ಮರಣಾನಂತರ ಆಮ್‌ಸ್ಟರ್‌ಡಾಮಿನ ಯಾನ್ ಕಾಮೆಲಿನ್ ಟಿಪ್ಪಣಿಗಳನ್ನು ಬರೆದರು. ಇವರಿಬ್ಬರೂ ಮಲಬಾರನ್ನು ಕಂಡವರಲ್ಲ. ರೀಡೆಯೂ ಕೊನೆಯ ಸಂಪುಟವನ್ನು ಕಾಣಲಿಲ್ಲ. 1691ರ ಡಿಸೆಂಬರಿನಲ್ಲಿ ಸೂರತ್ತಿಗೆ ಹೋಗುವ ಹಡಗಿನಲ್ಲಿ ತೀರಿಕೊಂಡನು. ಅವನ ಗೋರಿ ಸೂರತ್ತಿನಲ್ಲಿದೆ.

2. ಮೂರು ಪ್ರಮಾಣಪತ್ರಗಳು

ಗ್ರಂಥದ ಮೊದಲ ಸಂಪುಟದ ಆರಂಭದಲ್ಲಿ, ಆ ಕಾಲದ ಯುರೋಪಿನ ಸಸ್ಯಗ್ರಂಥಗಳಲ್ಲಿ ಅಪರೂಪವಾದ ಒಂದು ಸಾಮಗ್ರಿಯಿದೆ. 1675ರ ಏಪ್ರಿಲ್ ತಿಂಗಳಿನ ಪ್ರಮಾಣಪತ್ರಗಳವು. ಒಂದು, ಕಂಪನಿಯ ದುಭಾಷಿ ಇಮ್ಮಾನುಯೆಲ್ ಕಾರ್ನೆಯ್‌ರೋ ಮಲಯಾಳ ಭಾಷೆಯಲ್ಲಿ ಕೊಟ್ಟುದು. ಎರಡನೆಯದು, ಈಳವ ಸಮುದಾಯದ ವಂಶಪಾರಂಪರ್ಯ ವೈದ್ಯ ಇಟ್ಟಿ ಅಚ್ಯುತನ್ ಕೋಲೆಳುತ್ತು ಎಂಬ ಹಳೆಯ ಲಿಪಿಯಲ್ಲಿ ಬರೆದುದು. ಮೂರನೆಯದು, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಬ್ರಾಹ್ಮಣರು ನಾಗರಲಿಪಿಯಲ್ಲಿ ಕೊಂಕಣಿಯಲ್ಲಿ ಬರೆದುದು. ಈ ಕೈಬರಹಗಳನ್ನು ಯಥಾವತ್ತಾಗಿ ಕೆತ್ತಿಸಿ ಅಚ್ಚು ಹಾಕಲಾಗಿದೆ. ಮಲಯಾಳ ಮತ್ತು ಕೊಂಕಣಿ ಭಾಷೆಗಳ ಚರಿತ್ರೆಕಾರರಿಗೆ ಈ ಪುಟಗಳು ಅಮೂಲ್ಯವಾದವು.

ಚೇರ್ತಲದ ಬಳಿಯ ಕಡಕ್ಕರಪ್ಪಳ್ಳಿಯ ಕೊಲ್ಲಾಟ್ ಮನೆತನಕ್ಕೆ ಸೇರಿದ ಇಟ್ಟಿ ಅಚ್ಯುತನ್ ತನ್ನ ಮನೆಯ ಗ್ರಂಥದಲ್ಲಿದ್ದುದನ್ನೂ ತನ್ನ ಅನುಭವದಿಂದ ಬಲ್ಲುದನ್ನೂ ಬಾಯಿಂದ ಹೇಳಿದನು. ಕಾರ್ನೆಯ್‌ರೋ ಅದನ್ನು ಪೋರ್ತುಗೀಸ್ ಭಾಷೆಗೆ ತಂದನು. ಅಲ್ಲಿಂದ ಅದು ಡಚ್ ಮತ್ತು ಲ್ಯಾಟಿನ್ ಭಾಷೆಗಳಿಗೆ ಹೋಯಿತು. ಲ್ಯಾಟಿನ್ ಭಾಷಾಂತರದಲ್ಲಿ ಕೊಚ್ಚಿಯ ಕಾರ್ಯದರ್ಶಿ ಫಾನ್ ಡೋನೆಪ್ ಎಂಬವನ ಕೈಯೂ ಇದೆ. ಬ್ರಾಹ್ಮಣ ಪಂಡಿತರು ತಾವು ಎರಡು ವರ್ಷಗಳ ಕಾಲ ಈ ಕಾರ್ಯದಲ್ಲಿ ತೊಡಗಿದ್ದುದಾಗಿಯೂ, ‘ಮಹಾನಿಘಂಟು’ ಎಂದು ಓದಬಹುದಾದ ಹೆಸರಿನ ಒಂದು ಗ್ರಂಥವನ್ನು ಆಧರಿಸಿದುದಾಗಿಯೂ ಹೇಳುತ್ತಾರೆ. ಈ ಪಂಡಿತರ ಭಾಷೆಯನ್ನಾಡುವ ಜನ ನಮ್ಮ ಕರಾವಳಿಯಲ್ಲಿಯೂ ನೆಲಸಿರುವುದರಿಂದ ಕನ್ನಡ ನಾಡಿನ ಓದುಗರಿಗೆ ಈ ಪತ್ರ ತೀರ ಹೊರಗಿನದಲ್ಲ.

ಈ ಪತ್ರಗಳ ಸ್ವರೂಪವನ್ನು ಸ್ವಲ್ಪ ಗಮನಿಸಬೇಕು. ಇವು ವೈದ್ಯರು ತಾವಾಗಿಯೇ ಬರೆದ ಮುನ್ನುಡಿಗಳಲ್ಲ. ಕಮಾಂಡರನ ಆಜ್ಞೆಯಂತೆ ನಡೆದ ಕೆಲಸಕ್ಕೆ ಕೊಟ್ಟ ಸಾಕ್ಷ್ಯಗಳು. ನ್ಯಾಯಸ್ಥಾನದ ಮುಂದೆ ಕೊಡುವ ಹೇಳಿಕೆಗಳ ಧಾಟಿ ಅವುಗಳಲ್ಲಿದೆ. ಆಮ್‌ಸ್ಟರ್‌ಡಾಮಿನ ಓದುಗನು ‘ಇದನ್ನು ಹೇಗೆ ನಂಬಲಿ?’ ಎಂದು ಕೇಳಿದರೆ ತೋರಿಸಲು ರೀಡೆಗೆ ಅವು ಬೇಕಾಗಿದ್ದವು. ಆದರೆ ಯಾವ ಉದ್ದೇಶಕ್ಕೆ ಬರೆಸಿದುದಾದರೂ, ಅವುಗಳಿಂದಾಗಿ ಐವರು ದೇಶೀಯರ ಹೆಸರು, ಕಸುಬು, ಬರವಣಿಗೆ ಮೂರೂವರೆ ಶತಮಾನ ಉಳಿದವು. ಇದೇ ವೇಳೆಗೆ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಕಾಡಿನಿಂದ, ಬೆಟ್ಟದಿಂದ, ಹೊಳೆಯ ದಂಡೆಯಿಂದ ಗಿಡಗಳನ್ನು ಹುಡುಕಿ ತಂದವರು, ಮರ ಹತ್ತಿ ಹೂ ಕಾಯಿ ಇಳಿಸಿದವರು ಬೇರೆಯೇ ಆಗಿದ್ದರು. ಯಾವ ಗಿಡ ಎಲ್ಲಿ ಬೆಳೆಯುತ್ತದೆ, ಯಾವ ತಿಂಗಳಲ್ಲಿ ಹೂ ಬಿಡುತ್ತದೆ ಎಂಬುದನ್ನು ಬಲ್ಲವರು ಅವರು. ಅವರಿಂದ ಪ್ರಮಾಣಪತ್ರವನ್ನು ಯಾರೂ ಕೇಳಲಿಲ್ಲ. ಓದುಬರಹ ಬಲ್ಲವನು ಸಾಕ್ಷಿಯಾದನು; ಗಿಡವನ್ನು ಬಲ್ಲವನು ಆಳಾಗಿ ಉಳಿದನು.

3. ಗೋವೆ ಮತ್ತು ಮೆಕ್ಸಿಕೋ: ಎರಡು ಹೋಲಿಕೆಗಳು

ಇಂತಹ ಗ್ರಂಥ ಹೀಗೆಯೇ ಹುಟ್ಟಬೇಕೆಂಬ ನಿಯಮವೇನೂ ಇರಲಿಲ್ಲ. ಹಿಂದಿನ ಶತಮಾನದ ಎರಡು ಕೃತಿಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಮೊದಲನೆಯದು ಗಾರ್ಸಿಯ ದ ಓರ್ತ ಎಂಬ ಪೋರ್ತುಗೀಸ್ ವೈದ್ಯನು ಬರೆದು 1563ರಲ್ಲಿ ಗೋವೆಯಲ್ಲಿ ಅಚ್ಚು ಹಾಕಿಸಿದ, ಭಾರತದ ಮೂಲಿಕೆಗಳನ್ನೂ ದ್ರವ್ಯಗಳನ್ನೂ ಕುರಿತ ಸಂವಾದಗಳ ಗ್ರಂಥ. ಓರ್ತನು 1534ರಿಂದ ಇಲ್ಲಿದ್ದವನು. ಅಹಮದನಗರದ ನಿಜಾಮಶಾಹನಿಗೂ ಚಿಕಿತ್ಸೆ ಮಾಡಿದವನು. ಅವನ ಗ್ರಂಥದಲ್ಲಿ ಸ್ವತಃ ಓರ್ತನೂ ರುವಾನೋ ಎಂಬ ಕಲ್ಪಿತ ಪಂಡಿತನೂ ಮಾತನಾಡುತ್ತಾರೆ. ನಡುವೆ ಮಲೂಪ ಎಂಬ ಹಿಂದೂ ವೈದ್ಯನು ಬಂದು ಉತ್ತರ ಹೇಳುತ್ತಾನೆ. ಮನೆಯ ದಾಸಿ ಆಂತೋನಿಯ ಗಿಡವನ್ನು ತಂದು ಮುಂದಿಡುತ್ತಾಳೆ. ಸಾಕ್ಷ್ಯವು ಇಲ್ಲಿ ಮಾತಿನ ರೂಪದಲ್ಲಿಯೇ ಉಳಿದಿದೆ. ಆದರೆ ಯುರೋಪು ಓದಿದುದು ಈ ಸಂವಾದವನ್ನಲ್ಲ. 1567ರಲ್ಲಿ ಕ್ಲೂಸಿಯುಸ್ ಅದನ್ನು ಲ್ಯಾಟಿನ್ನಿಗೆ ಸಂಗ್ರಹಿಸುವಾಗ ಸಂಭಾಷಣೆಯನ್ನು ಕಿತ್ತುಹಾಕಿ ದ್ರವ್ಯಗಳ ಕ್ರಮಬದ್ಧ ವರ್ಣನೆಯನ್ನು ಮಾತ್ರ ಉಳಿಸಿದನು. ಸಂವಾದದಲ್ಲಿ ಮಾತಾಡುತ್ತಿದ್ದ ವೈದ್ಯನೂ ಗಿಡ ತಂದ ದಾಸಿಯೂ ಒಟ್ಟಿಗೇ ಹಿಂದೆ ಸರಿದರು.

ಎರಡನೆಯದು ದೂರದ ಮೆಕ್ಸಿಕೋ ದೇಶದ್ದು. ಸ್ಪೇನಿನವರು ಆ ನಾಡನ್ನು ಗೆದ್ದ ಬಳಿಕ ಫ್ರಾನ್ಸಿಸ್ಕನ್ ಪಾದ್ರಿಗಳು 1536ರಲ್ಲಿ ಟ್ಲಾಟೆಲೋಲ್ಕೋ ಎಂಬಲ್ಲಿ ದೇಶೀಯ ಕುಲೀನರ ಮಕ್ಕಳಿಗಾಗಿ ಒಂದು ಕಾಲೇಜನ್ನು ತೆರೆದರು. ಅಲ್ಲಿ 1552ರಲ್ಲಿ ಮಾರ್ಟಿನ್ ದೆ ಲಾ ಕ್ರೂಸ್ ಎಂಬ ನಹುವಾ ಜನಾಂಗದ ವೈದ್ಯನು ತನ್ನ ನಾಡಿನ ಮದ್ದುಗಳನ್ನು ಹೇಳಿದನು. ಅದೇ ಜನಾಂಗದ ಹುವಾನ್ ಬಾದಿಯಾನೋ ಅದನ್ನು ಲ್ಯಾಟಿನ್ ಭಾಷೆಗೆ ತಿರುಗಿಸಿದನು. ಬಣ್ಣದ ಚಿತ್ರಗಳಿಂದ ಕೂಡಿದ ಈ ಹಸ್ತಪ್ರತಿಯು ವ್ಯಾಟಿಕನ್ ಗ್ರಂಥಭಂಡಾರದಲ್ಲಿ 1929ರಲ್ಲಿ ವಿದ್ವಾಂಸರ ಕಣ್ಣಿಗೆ ಬಿದ್ದು, 1990ರಲ್ಲಿ ಮೆಕ್ಸಿಕೋಗೆ ಮರಳಿತು. ಈ ವೈದ್ಯನು ಶಾಸ್ತ್ರವನ್ನು ಓದಿದವನಲ್ಲ, ಅನುಭವದಿಂದ ಕಲಿತವನು ಎಂದು ಗ್ರಂಥದ ಮೊದಲಲ್ಲಿಯೇ ಹೇಳಿದೆ.

ಈ ಮೆಕ್ಸಿಕೋ ಗ್ರಂಥದ ರಚನಾಕ್ರಮವು ನಮ್ಮ ವಿಷಯಕ್ಕೆ ಬಹಳ ಮುಖ್ಯ. ಅದರ ಹದಿಮೂರು ಅಧ್ಯಾಯಗಳು ಗಿಡಗಳ ಸರಣಿಯಲ್ಲಿ ಸಾಗುವುದಿಲ್ಲ. ತಲೆಯಿಂದ ಮೊದಲುಗೊಂಡು ಕಣ್ಣು, ಕಿವಿ, ಮೂಗು, ಹಲ್ಲು ಎಂದು ದೇಹದಲ್ಲಿ ಕೆಳಗಿಳಿಯುತ್ತ, ಕೊನೆಯ ಅಧ್ಯಾಯದಲ್ಲಿ ಸಾವು ಸಮೀಪಿಸಿದ ಲಕ್ಷಣಗಳನ್ನು ಹೇಳುತ್ತವೆ. ಒಂದು ಬೇನೆಗೆ ಹಲವು ಗಿಡಗಳನ್ನು, ಅವುಗಳೊಡನೆ ಕಲ್ಲು ಮಣ್ಣು ಪ್ರಾಣಿದ್ರವ್ಯಗಳನ್ನು ಕೂಡಿಸಿ ಮದ್ದು ಮಾಡುವ ಕ್ರಮ ಅಲ್ಲಿದೆ. ಇದು ವೈದ್ಯನ ಕ್ರಮ. ಅವನ ಮುಂದೆ ಮೊದಲು ಬಂದು ಕೂರುವುದು ರೋಗಿ, ಗಿಡವಲ್ಲ. ‘ಹೋರ್ತುಸ್ ಮಲಬಾರಿಕುಸ್’ ಇದಕ್ಕೆ ವಿರುದ್ಧ. ಅದರಲ್ಲಿ ಒಂದು ಗಿಡಕ್ಕೆ ಒಂದು ಅಧ್ಯಾಯ. ಬೇರು, ಕಾಂಡ, ತೊಗಟೆ, ಎಲೆ, ಹೂವು, ಕಾಯಿ, ವಾಸನೆ, ರುಚಿ, ಬೆಳೆಯುವ ಸ್ಥಳ ಇವೆಲ್ಲದರ ವರ್ಣನೆ ಮುಗಿದ ಮೇಲೆ, ಸಾಮಾನ್ಯವಾಗಿ ಕೊನೆಯ ಕೆಲವು ಸಾಲುಗಳಲ್ಲಿ, ಅದರ ಗುಣ. ಎಷ್ಟು ಪ್ರಮಾಣ, ಯಾವ ಅನುಪಾನ, ಯಾವ ಪಥ್ಯ ಎಂಬ ವಿವರಗಳು ಇಲ್ಲಿ ವಿರಳ. ಇಟ್ಟಿ ಅಚ್ಯುತನ ಓಲೆಯ ಪುಸ್ತಕ ನಮಗೆ ದೊರೆಯದೆ ಹೋಗಿರುವುದರಿಂದ ಅದರ ಕ್ರಮ ಹೇಗಿತ್ತೆಂದು ಹೇಳಲಾಗದು. ಆದರೆ ನಿತ್ಯವೂ ರೋಗಿಗಳನ್ನು ನೋಡುತ್ತಿದ್ದ ವೈದ್ಯನೊಬ್ಬನ ತಿಳಿವಳಿಕೆಯಲ್ಲಿ ಮದ್ದಿಗೆ ಇದಕ್ಕಿಂತ ದೊಡ್ಡ ಸ್ಥಾನವಿದ್ದಿತು ಎನ್ನಲು ಅಡ್ಡಿಯಿಲ್ಲ. ಅಂದರೆ ವೈದ್ಯನ ಜ್ಞಾನವನ್ನು ಗ್ರಂಥವು ಸಸ್ಯಶಾಸ್ತ್ರಜ್ಞನ ಅಚ್ಚಿನಲ್ಲಿ ಎರಕ ಹೊಯ್ದಿದೆ.

4. ವರ್ಗೀಕರಣ ಯಾರದು?

ಇಷ್ಟನ್ನು ಹೇಳಿದ ಮೇಲೆ, ಈಚಿನ ಚರಿತ್ರೆಕಾರರಲ್ಲಿ ಹೆಚ್ಚು ಚರ್ಚೆಗೆ ಕಾರಣವಾದ ಒಂದು ವಾದವನ್ನು ಪರಿಶೀಲಿಸಬೇಕಾಗುತ್ತದೆ. ರಿಚರ್ಡ್ ಗ್ರೋವ್ ಅವರು 1995ರಲ್ಲಿ ಪ್ರಕಟವಾದ ‘ಗ್ರೀನ್ ಇಂಪೀರಿಯಲಿಸಂ’ ಎಂಬ ಗ್ರಂಥದಲ್ಲಿ, ‘ಹೋರ್ತುಸ್’ ಕೃತಿಯ ವರ್ಗೀಕರಣವು ಮೂಲತಃ ಈಳವ ವೈದ್ಯರದೆಂದೂ, ಅದು ಲಿನ್ನೇಯಸ್‌ನ ಮೂಲಕ ಆಧುನಿಕ ಸಸ್ಯಶಾಸ್ತ್ರದೊಳಕ್ಕೆ ಹರಿಯಿತೆಂದೂ ಪ್ರತಿಪಾದಿಸಿದರು. ಯುರೋಪಿನ ವಿಜ್ಞಾನವು ದೇಶೀಯ ಜ್ಞಾನಕ್ಕೆ ಎಷ್ಟು ಋಣಿಯೆಂಬುದನ್ನು ಎತ್ತಿ ತೋರಿಸಿದ ಈ ವಾದದ ಉಪಕಾರ ದೊಡ್ಡದು. ಆದರೆ ಅದನ್ನು ಗ್ರಂಥದ ಪುಟಗಳೊಡನೆ ಹೋಲಿಸಿ ನೋಡಬೇಕು.

ಮೊದಲ ಸಂಪುಟದ 45, 46, 47ನೆಯ ಚಿತ್ರಗಳನ್ನೇ ತೆಗೆದುಕೊಳ್ಳೋಣ. ಅವುಗಳ ಹೆಸರು ಕ್ರಮವಾಗಿ ಪಾಲ, ಕುರುಟ್ಟುಪಾಲ, ಕೊಡಗಪ್ಪಾಲ. ಮೂರು ಮರಗಳೂ ಗಾಯವಾದರೆ ಹಾಲು ಸುರಿಸುವಂತಹವು. ಮೂರರ ಹೆಸರಿನಲ್ಲಿಯೂ ಪಾಲ ಎಂಬ ಪದವಿದೆ. ಇಂದಿನ ಸಸ್ಯಶಾಸ್ತ್ರವು ಈ ಮೂರನ್ನೂ ಅಪೋಸೈನೇಸೀ ಎಂಬ ಒಂದೇ ಕುಟುಂಬದಲ್ಲಿ ಇಡುತ್ತದೆ. ಹೆಸರಿನ ಬಂಧುತ್ವವನ್ನು ಅನುಸರಿಸಿಯೇ ಈ ಮರಗಳು ಒಂದರ ಪಕ್ಕದಲ್ಲಿ ಒಂದು ಬಂದವು ಎಂದರೆ ತಪ್ಪಾಗದು. ಇಲ್ಲಿಯವರೆಗೆ ಗ್ರೋವ್ ಅವರ ವಾದಕ್ಕೆ ಬಲವಾದ ಸಾಕ್ಷ್ಯವಿದೆ.

ಆದರೆ ಈ ಬಂಧುತ್ವವನ್ನು ಕಂಡವರು ಯಾರು? ಮಲಯಾಳದ ಪಾಲವು ತುಳುವಿನಲ್ಲಿ ಪಾಲೆ, ಕನ್ನಡದಲ್ಲಿ ಹಾಲೆ. ಪಕಾರ ಹಕಾರವಾಗುವ ನಿಯಮ ನಮ್ಮ ವಿದ್ಯಾರ್ಥಿಗಳಿಗೆ ವಿದಿತವೇ ಆಗಿದೆ. ಕರಾವಳಿಯಲ್ಲಿ ಹಾಲೆ ಎಂದರೆ ‘ಹೋರ್ತುಸ್’ ಗ್ರಂಥದ ಪಾಲವೇ. ಚನ್ನಪಟ್ಟಣದ ಬೊಂಬೆ ಮಾಡುವವರು ಹಾಲೆ ಅಥವಾ ಆಲೆ ಎನ್ನುವುದು ಅದೇ ಕುಟುಂಬದ ಬೇರೊಂದು ಮರಕ್ಕೆ. ಹಾಲು ಬರುವ ಮರಗಳನ್ನು ಒಂದು ಹೆಸರಿನ ಕೆಳಗೆ ಕೂಡಿಸುವ ಬುದ್ಧಿಯು ಒಂದು ಜಾತಿಯ ಅಥವಾ ಒಂದು ಮನೆತನದ ಸ್ವತ್ತಲ್ಲ. ಬಹುಕಾಲದಿಂದ ಈ ಮರಗಳ ನಡುವೆ ಬಾಳಿದ ಜನರ ಭಾಷೆಯಲ್ಲಿಯೇ ಅದು ಸೇರಿಹೋಗಿದೆ. ಇಟ್ಟಿ ಅಚ್ಯುತನ್ ಅದನ್ನು ಹೇಳಿದನು. ಗಿಡ ತಂದ ಆಳೂ ಅದನ್ನೇ ಹೇಳುತ್ತಿದ್ದನು. ಮೇಲಾಗಿ, ಮರಗಳು ಮೊದಲು, ಪೊದೆಗಳೂ ಬಳ್ಳಿಗಳೂ ಮೂಲಿಕೆಗಳೂ ಆಮೇಲೆ ಎಂಬ ಸಂಪುಟಗಳ ಸ್ಥೂಲ ವಿಭಾಗವು ಯುರೋಪಿನ ವಿದ್ವಾಂಸರಿಗೆ ಗ್ರೀಕರ ಕಾಲದಿಂದ ಪರಿಚಿತವಾದುದು. ಮೂವರು ಪಂಡಿತರು ತಾವು ನಿಘಂಟನ್ನು ಆಧರಿಸಿದೆವೆಂದು ಬರೆದುಕೊಟ್ಟಿರುವುದನ್ನೂ ಅಲಕ್ಷಿಸಲಾಗದು. ಹೊರಗಿನ ಚೌಕಟ್ಟು ಯುರೋಪಿನದು, ಒಳಗಿನ ಜೋಡಣೆ ಬಹುಮಟ್ಟಿಗೆ ದೇಶಭಾಷೆಯದು, ಗುಣಗಳ ನಿರೂಪಣೆ ವೈದ್ಯನ ಅನುಭವ ಮತ್ತು ನಿಘಂಟು ಎರಡರದು. ಇದು ನಮ್ಮ ನಿರ್ಣಯ. ಒಂದು ಸಮುದಾಯದ ವೈದ್ಯರಿಗೆ ಸಲ್ಲಬೇಕಾದ ಮನ್ನಣೆಯನ್ನು ಇದು ತಗ್ಗಿಸುವುದಿಲ್ಲ. ಹೆಸರೇ ಉಳಿಯದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

5. ಕೊಡಗಪ್ಪಾಲದ ಪ್ರಯಾಣ

ಗ್ರಂಥವು ಯುರೋಪನ್ನು ಸೇರಿದ ಮೇಲೆ ಮದ್ದಿಗೆ ಏನಾಯಿತೆಂಬುದಕ್ಕೆ ಕೊಡಗಪ್ಪಾಲವೇ ಒಳ್ಳೆಯ ಉದಾಹರಣೆ. ಇದು ಸಂಸ್ಕೃತದ ಕುಟಜ, ಕನ್ನಡದ ಕೊಡಸಿಗೆ. ಇದರ ತೊಗಟೆಯೂ ಇಂದ್ರಯವವೆಂಬ ಬೀಜವೂ ಅತಿಸಾರ, ರಕ್ತಾತಿಸಾರಗಳಿಗೆ ಬಹು ಪ್ರಾಚೀನ ಕಾಲದಿಂದ ಬಳಕೆಯಲ್ಲಿವೆ. ಕುಟಜಾರಿಷ್ಟವನ್ನು ಈಗಲೂ ಅಂಗಡಿಗಳಲ್ಲಿ ಮಾರುತ್ತಾರೆ. ತೊಗಟೆಯಲ್ಲಿರುವ ಕೊನೆಸ್ಸೀನ್ ಎಂಬ ಕ್ಷಾರಾಭವನ್ನು ರಸಾಯನಶಾಸ್ತ್ರಜ್ಞರು ಪ್ರತ್ಯೇಕಿಸಿದ್ದಾರೆ.

1753ರಲ್ಲಿ ಲಿನ್ನೇಯಸ್ ತನ್ನ ‘ಸ್ಪೀಶೀಸ್ ಪ್ಲಾಂಟಾರುಂ’ ಗ್ರಂಥದಲ್ಲಿ ಒಂದು ಸಸ್ಯಕ್ಕೆ ‘ನೇರಿಯುಂ ಆಂಟಿಡಿಸೆಂಟರಿಕುಂ’ ಎಂದು ಹೆಸರಿಟ್ಟನು. ರಕ್ತಭೇದಿಯನ್ನು ನಿಲ್ಲಿಸುವುದು ಎಂಬುದು ಆ ಹೆಸರಿನ ಅರ್ಥ. ಅಲ್ಲಿ ಅವನು ‘ಹೋರ್ತುಸ್’ ಗ್ರಂಥದ ಕೊಡಗಪ್ಪಾಲವನ್ನೂ, ಸಿಂಹಳದಿಂದ ಬಂದ ಒಂದು ಸಸ್ಯವನ್ನೂ ಒಂದೇ ಎಂದು ಎಣಿಸಿ ಕೂಡಿಸಿಬಿಟ್ಟನು. ಅವನು ಕೊಡಗಪ್ಪಾಲವನ್ನು ಅದರ ನೆಲದಲ್ಲಿ ಕಂಡವನಲ್ಲ. ಮುಂದೆ ಸಸ್ಯಶಾಸ್ತ್ರಜ್ಞರು ಇವು ಬೇರೆ ಬೇರೆ ಎಂದು ವಿಂಗಡಿಸಿದಾಗ, ನಾಮಕರಣದ ನಿಯಮಗಳಿಗನುಸಾರವಾಗಿ ಲಿನ್ನೇಯಸ್ ಕೊಟ್ಟ ವಿಶೇಷಣವು ಸಿಂಹಳದ ಸಸ್ಯಕ್ಕೇ ಅಂಟಿಕೊಂಡಿತು. ಇಂದು ಅದು ‘ರೈಟಿಯ ಆಂಟಿಡಿಸೆಂಟರಿಕ’. ಕೊಡಗಪ್ಪಾಲಕ್ಕೆ ‘ಹೊಲಾರೀನ ಪ್ಯೂಬೆಸೆನ್ಸ್’ ಎಂಬ ಬೇರೆ ಹೆಸರು ಸಂದಿತು. ಮಲಬಾರಿನ ವೈದ್ಯನು ಯಾವ ಮರದ ಗುಣವನ್ನು ಹೇಳಿದನೋ ಆ ಮರವು ಮಾನ್ಯವಾದ ಹೆಸರಿನಲ್ಲಿ ಆ ಗುಣವನ್ನು ಹೊರದೆ ಹೋಯಿತು. ಅವನು ಹೇಳದ ಮರವು ಅದನ್ನು ಹೊತ್ತುಕೊಂಡಿತು.

ಇದು ಕೇವಲ ಹೆಸರಿನ ತೊಡಕಲ್ಲ. ‘ಕೊನೆಸ್ಸಿ ತೊಗಟೆ’ ಎಂಬ ಹೆಸರಿನಲ್ಲಿ ಈ ಮದ್ದು ಯುರೋಪಿನ ಔಷಧಶಾಲೆಗಳಿಗೆ ಹೋದಾಗ, ಹೊಲಾರೀನದ ತೊಗಟೆಯ ಜೊತೆಗೆ ರೈಟಿಯ ಜಾತಿಯ ಮರಗಳ ತೊಗಟೆಯೂ ಬೆರೆತುಹೋಗುತ್ತಿತ್ತು. ಎರಡನೆಯದಕ್ಕೆ ಆ ಗುಣವಿಲ್ಲದ ಕಾರಣ ಮದ್ದಿನ ಮೇಲಿನ ವಿಶ್ವಾಸವೂ ಕುಗ್ಗಿತು. 19ನೆಯ ಶತಮಾನದ ಔಷಧದ್ರವ್ಯ ಗ್ರಂಥಗಳು ಈ ಗೊಂದಲವನ್ನು ಗುರುತಿಸಿವೆ. ಆದರೆ ನಮ್ಮ ಪರಂಪರೆಯಲ್ಲಿ ಈ ಭೇದ ತಿಳಿಯದೆ ಇರಲಿಲ್ಲ. ಚರಕಸಂಹಿತೆಯ ಕಲ್ಪಸ್ಥಾನದಲ್ಲಿ ಕುಟಜದಲ್ಲಿ ಪುರುಷ, ಸ್ತ್ರೀ ಎಂಬ ಎರಡು ಬಗೆಗಳನ್ನು ಹೂ, ಕಾಯಿ, ಎಲೆಗಳ ಲಕ್ಷಣಗಳಿಂದ ಬೇರ್ಪಡಿಸಿದೆ. ಪುರುಷಕುಟಜವನ್ನು ಹೊಲಾರೀನವೆಂದೂ ಸ್ತ್ರೀಕುಟಜವನ್ನು ರೈಟಿಯ ಜಾತಿಯ ಮರವೆಂದೂ ವಿದ್ವಾಂಸರು ಸಾಮಾನ್ಯವಾಗಿ ಗುರುತಿಸುತ್ತಾರೆ. ಇಲ್ಲಿ ತಿಳಿದಿದ್ದ ಭೇದವು ಅಲ್ಲಿ ಕಳೆದುಹೋಗಿ, ನೂರು ವರ್ಷಗಳ ಮೇಲೆ ಹೊಸದಾಗಿ ಕಂಡುಹಿಡಿಯಲ್ಪಟ್ಟಿತು.

ಲಿನ್ನೇಯಸ್‌ನು ‘ಹೋರ್ತುಸ್’ ಗ್ರಂಥವನ್ನು ತಾನು ನಂಬುವ ಕೆಲವೇ ಕೃತಿಗಳಲ್ಲಿ ಒಂದೆಂದು ಮೆಚ್ಚಿದ್ದನು. ಅವನಿಟ್ಟ ಎಷ್ಟೋ ಹೆಸರುಗಳಿಗೆ ಇಂದಿಗೂ ಆಧಾರ ಆ ಗ್ರಂಥದ ಚಿತ್ರಗಳೇ. ಆದರೂ ಗ್ರೀಕ್ ಅಥವಾ ಲ್ಯಾಟಿನ್ ಮೂಲವಿಲ್ಲದ ಹೆಸರುಗಳನ್ನು ಅನಾಗರಿಕವೆಂದು ತಳ್ಳಿಹಾಕಬೇಕೆಂಬ ನಿಯಮವನ್ನು 1737ರಲ್ಲಿಯೇ ಸಾರಿದ್ದನು. ಹೀಗೆ ಚಿತ್ರವನ್ನು ಅಂಗೀಕರಿಸಿ ಹೆಸರನ್ನು ಬಿಡಲಾಯಿತು. ಈ ಜರಡಿಯಿಂದ ಪಾರಾದ ಹೆಸರುಗಳು ಕೆಲವು ಮಾತ್ರ. ಏಲಕ್ಕಿಯ ಕುಲಕ್ಕೆ 1811ರಲ್ಲಿ ಇಟ್ಟ ‘ಎಲೆಟ್ಟಾರಿಯ’ ಎಂಬ ಹೆಸರು ಗ್ರಂಥದಲ್ಲಿ ಕಾಣುವ ಮಲಯಾಳದ ಏಲತ್ತರಿಯೇ. ಹೆಸರು ಹೋದರೆ ಏನು ನಷ್ಟವೆಂದು ಕೇಳಬಹುದು. ಪಾಲ, ಕುರುಟ್ಟುಪಾಲ, ಕೊಡಗಪ್ಪಾಲ ಎಂಬ ಹೆಸರುಗಳಲ್ಲಿ ಮೂರು ಮರಗಳ ಸಂಬಂಧ ಮತ್ತು ಭೇದ ಎರಡೂ ಇದ್ದವು ಎಂಬುದೇ ಅದಕ್ಕೆ ಉತ್ತರ.

6. ಉಳಿದುದು ಮತ್ತು ಉಳಿಯದುದು

ಹಾಗಾದರೆ ಗ್ರಂಥದೊಳಗೆ ಬರದೆ ಉಳಿದುದೇನು? ಪಾಲ ಮರವನ್ನೇ ನಮ್ಮ ಕರಾವಳಿಯಲ್ಲಿ ನೋಡಬಹುದು. ತುಳುನಾಡಿನಲ್ಲಿ ಆಟಿ ತಿಂಗಳ ಅಮಾವಾಸ್ಯೆಯ ದಿನ ಪಾಲೆಯ ತೊಗಟೆಯ ಕಷಾಯವನ್ನು ಬರಿಹೊಟ್ಟೆಯಲ್ಲಿ ಕುಡಿಯುವ ಪದ್ಧತಿ ಇಂದಿಗೂ ಇದೆ. ಮರವನ್ನು ಮೊದಲೇ ಗುರುತು ಮಾಡಿಟ್ಟು, ಸೂರ್ಯೋದಯಕ್ಕೆ ಮುನ್ನ ಹೋಗಿ, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತರುತ್ತಾರೆ. ಅರೆದು ತೆಗೆದ ರಸಕ್ಕೆ ಕರಿಮೆಣಸು, ಬೆಳ್ಳುಳ್ಳಿ, ಓಮಗಳನ್ನು ಸೇರಿಸಿ, ಕಾಯಿಸಿದ ಬಿಳಿಕಲ್ಲನ್ನು ಅದರಲ್ಲಿ ಅದ್ದುತ್ತಾರೆ. ಉಷ್ಣ ಶಮನಕ್ಕೆಂದು ಆಮೇಲೆ ಮೆಂತೆಯ ಗಂಜಿ ಉಣ್ಣುತ್ತಾರೆ. ಕಾಲ, ಸಾಧನ, ಜೊತೆದ್ರವ್ಯ, ಪಥ್ಯ ಎಲ್ಲವೂ ಇಲ್ಲಿ ಗೊತ್ತಾಗಿವೆ. ಇವುಗಳಲ್ಲಿ ಯಾವುದು ಮದ್ದಿನ ಗುಣಕ್ಕೆ ಅಗತ್ಯ, ಯಾವುದು ಆಚಾರ ಮಾತ್ರ ಎಂಬುದನ್ನು ಪರೀಕ್ಷಿಸಿ ಹೇಳಬೇಕಾದವರು ವಿಜ್ಞಾನಿಗಳು. ಆದರೆ ಮರವನ್ನು ಬಲ್ಲವನೇ ತೊಗಟೆ ತರಬೇಕೆಂಬ ಕಟ್ಟು 'ಆಚಾರ ಮಾತ್ರ' ಎನ್ನುವಂತಿಲ್ಲ. ಬೇರೆ ಮರದ ತೊಗಟೆ ಬಂದರೆ ಅಪಾಯವೆಂಬುದನ್ನು ಅಲ್ಲಿನವರೆಲ್ಲ ಬಲ್ಲರು. ‘ಹೋರ್ತುಸ್’ ಗ್ರಂಥದ 45ನೆಯ ಚಿತ್ರವು ಎಷ್ಟು ಸುಂದರವಾಗಿದ್ದರೂ ಈ ತಿಳಿವಳಿಕೆಯನ್ನು ಹೊರಲಾರದು.

ಈ ವಿಚಾರವು ಇಂದು ಪುಸ್ತಕದ ಮಾತಾಗಿ ಮಾತ್ರ ಉಳಿದಿಲ್ಲ. 1995ರಲ್ಲಿ ಅಮೆರಿಕದಲ್ಲಿ ಅರಿಸಿನದ ಗಾಯ ಮಾಯಿಸುವ ಗುಣಕ್ಕೆ ಪೇಟೆಂಟ್ ಕೊಡಲಾಯಿತು. ಭಾರತದ ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಪರಿಷತ್ತು ಹಳೆಯ ಬರಹಗಳನ್ನು ಮುಂದಿಟ್ಟು ಪ್ರತಿಭಟಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ನಮ್ಮ ಅಜ್ಜಿಯರೆಲ್ಲರಿಗೂ ತಿಳಿದಿದ್ದ ಸಂಗತಿ ಅಲ್ಲಿ ಸಾಕ್ಷ್ಯವಾದುದು ಅಚ್ಚಾದ ಪುಟದಲ್ಲಿ ಇದ್ದುದರಿಂದ. ಇಂತಹ ಬರಹಗಳನ್ನು ಒಂದೆಡೆ ಸೇರಿಸುವ ಸಾಂಪ್ರದಾಯಿಕ ಜ್ಞಾನದ ಸರಕಾರೀ ಭಂಡಾರವನ್ನು 2001ರಿಂದ ಕಟ್ಟುತ್ತ ಬರಲಾಗಿದೆ. 2002ರಲ್ಲಿ ಜೈವಿಕ ವೈವಿಧ್ಯ ಕಾಯಿದೆಯೂ ಬಂದಿತು. ಇವು ಅವಶ್ಯಕವಾದ ಕಾರ್ಯಗಳು. ಆದರೆ 1675ರಲ್ಲಿ ಕೊಚ್ಚಿಯಲ್ಲಿ ಇದ್ದ ತೊಡಕು ಇಲ್ಲಿಯೂ ಇದೆ: ಬರಹವುಳ್ಳವನ ಜ್ಞಾನಕ್ಕೆ ಪ್ರಮಾಣ ದೊರೆಯುತ್ತದೆ, ಬರಹವಿಲ್ಲದವನದು ಪ್ರಮಾಣವಿಲ್ಲದೆ ಉಳಿಯುತ್ತದೆ.

ಗ್ರಂಥದ ಹಿರಿಮೆಯನ್ನು ನಾವು ಅಲ್ಲಗಳೆಯುತ್ತಿಲ್ಲ. ಹೆಸರುಗಳನ್ನು ಲ್ಯಾಟಿನ್, ಮಲಯಾಳ, ಅರಬ್ಬೀ, ನಾಗರ ಲಿಪಿಗಳಲ್ಲಿ ಕೊಟ್ಟು, ಹೇಳಿದವರ ಕೈಬರಹವನ್ನೇ ಅಚ್ಚು ಹಾಕಿದ ಪ್ರಾಮಾಣಿಕತೆಯು ಆ ಕಾಲದಲ್ಲಿ ಅಪೂರ್ವ. ಕಲ್ಲಿಕೋಟೆ ವಿಶ್ವವಿದ್ಯಾನಿಲಯದ ಕೆ. ಎಸ್. ಮಣಿಲಾಲ್ ಅವರು ಹಲವು ದಶಕಗಳ ದುಡಿಮೆಯಿಂದ ಇದರ ಸಸ್ಯಗಳನ್ನು ಅವುಗಳ ನೆಲದಲ್ಲಿಯೇ ಹುಡುಕಿ ಗುರುತಿಸಿ, 2003ರಲ್ಲಿ ಇಂಗ್ಲಿಷಿಗೂ 2008ರಲ್ಲಿ ಮಲಯಾಳಕ್ಕೂ ತಂದರು. ಮಲಬಾರಿನಲ್ಲಿ ಮಾತಾಗಿ ಹುಟ್ಟಿದುದು ಮುನ್ನೂರ ಮೂವತ್ತು ವರ್ಷಗಳ ಮೇಲೆ ಮಲಬಾರಿನ ಭಾಷೆಗೆ ಮರಳಿತು. ಆದರೆ ಮರಳಿದುದು ಓಲೆಯ ಗ್ರಂಥವಲ್ಲ. ಪೋರ್ತುಗೀಸ್, ಡಚ್, ಲ್ಯಾಟಿನ್, ಇಂಗ್ಲಿಷ್ ಈ ಕೈಗಳನ್ನು ದಾಟಿದ ಪಾಠ. ಅದನ್ನು ಇಟ್ಟಿ ಅಚ್ಯುತನ ಮೂಲವಾಕ್ಯವೆಂದು ಓದುವುದು ಅವನಿಗೂ ನ್ಯಾಯವಲ್ಲ, ಭಾಷಾಂತರಕಾರರಿಗೂ ನ್ಯಾಯವಲ್ಲ.

ಇಂತಹ ಗ್ರಂಥವನ್ನು ಆಕರವಾಗಿ ಬಳಸುವವರು ಗಿಡದ ಹೆಸರು, ಅದರ ಚಿತ್ರ, ಅದರ ಗುಣ ಈ ಮೂರನ್ನೂ ಬೇರೆ ಬೇರೆ ಸಾಕ್ಷ್ಯಗಳಾಗಿ ಪರೀಕ್ಷಿಸಬೇಕೆಂಬುದು ನಮ್ಮ ವಿಮರ್ಶೆಯ ಫಲಿತಾಂಶ. ಅವು ಬೇರೆ ಬೇರೆ ಜನರಿಂದ, ಬೇರೆ ಬೇರೆ ದಾರಿಯಲ್ಲಿ ಪುಟಕ್ಕೆ ಬಂದಿವೆ. ‘ಹೋರ್ತುಸ್’ ಗ್ರಂಥದ ಮಲಯಾಳ ಹೆಸರುಗಳನ್ನು ತುಳು, ಕನ್ನಡ, ಕೊಂಕಣಿಗಳ ಹೆಸರುಗಳೊಡನೆ ಕ್ರಮವಾಗಿ ಹೋಲಿಸಿ ನೋಡುವ ಕೆಲಸ ನಮ್ಮ ವಿದ್ಯಾರ್ಥಿಗಳು ಕೈಗೊಳ್ಳಬಹುದಾದುದು. ಹಾಗೆ ಮಾಡುವಾಗ ಹೆಸರು ಹೇಳಿದವರ ಊರು, ಕಸುಬು, ಮದ್ದು ಮಾಡುವ ಕ್ರಮ ಇವುಗಳನ್ನೂ, ಅವರು ಒಪ್ಪಿದಲ್ಲಿ ಅವರ ಹೆಸರನ್ನೂ, ಅವರದೇ ಮಾತಿನಲ್ಲಿ ಬರೆದಿಡಬೇಕು. ರೀಡೆಯು ಐವರಿಗೆ ಮಾಡಿದುದನ್ನು ಗಿಡ ತಂದುಕೊಟ್ಟವರಿಗೂ ವಿಸ್ತರಿಸಿದಂತಾಗುತ್ತದೆ.